25ರ ಹತ್ತಿರದ ಆ ದಪ್ಪ ಬ್ಯಾಂಡ್ ನಿಜಕ್ಕೂ ಎಂಜಿಎಂಟಿನಾ?

ಪ್ರಶ್ನೆ: ಮನುಷ್ಯರ ಡಿಎನ್‌ಎ ರಿಪೇರಿ ಕಿಣ್ವ ಎಂಜಿಎಂಟಿ ನೋಡಲು ಮೌಸ್ ಮೊನೊಕ್ಲೋನಲ್ ಆ್ಯಂಟಿಬಾಡಿ ಬಳಸುತ್ತಿದ್ದೇನೆ. ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ಮೆಂಬ್ರೇನ್‌ಗೆ ದಾಟಿಸಿ, ಆ್ಯಂಟಿಬಾಡಿಯಿಂದ ಹುಡುಕುವ ಪರೀಕ್ಷೆ) ಟಿ98ಜಿ ಎಂಬ ಮೆದುಳು ಗಡ್ಡೆಯ ಸೆಲ್‌ಗಳಿಗೆ 22 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ ಚೆಂದದ ಬ್ಯಾಂಡ್ ಬರುತ್ತದೆ. ಎಂಜಿಎಂಟಿ ತಯಾರಿಸದ ಯು87 ಎಂಬ ಇನ್ನೊಂದು ಮೆದುಳು ಗಡ್ಡೆಯ ಸೆಲ್‌ಗಳಲ್ಲಿ ಏನೂ ಇಲ್ಲ, ಇರಲೂ ಬಾರದು. ಆದರೆ ಅದೇ ಯು87 ಅನ್ನು ನ್ಯೂಡ್ ಇಲಿಯಲ್ಲಿ (ರೋಗನಿರೋಧಕ ಶಕ್ತಿ ಕುಂದಿದ ಲ್ಯಾಬ್ ಇಲಿ) ಗಡ್ಡೆಯಾಗಿ ಬೆಳೆಸಿ, ಅದನ್ನು ಅರೆದು ತೆಗೆದ ರಸ, ಅಂದರೆ ಲೈಸೇಟ್ ಹಾಕಿದರೆ 25ರ ಹತ್ತಿರ ದಪ್ಪ ಬ್ಯಾಂಡ್! ಗಡ್ಡೆಯೊಳಗೆ ಎಂಜಿಎಂಟಿ ಮತ್ತೆ ಶುರುವಾಗಿದೆ ಅಂತ ನಮ್ಮ ಗೈಡ್‌ಗೆ ಖುಷಿಯೋ ಖುಷಿ. ನನಗೆ ಮಾತ್ರ ಅನುಮಾನ. ಈ ದಾರಿಯಲ್ಲಿ ಹೋದವರು ಯಾರಾದರೂ ಇದ್ದೀರಾ?

ಒಬ್ಬರು: ನಿಮ್ಮ ಅನುಮಾನವೇ ಸರಿ ಇರಬಹುದು. ನಾನು ಇದೇ ಬ್ಯಾಂಡ್ ಹಿಂದೆ ಮೂರು ತಿಂಗಳು ಓಡಿದ್ದೆ. ಮೊದಲು ಒಂದು ಮಾತು ಹೇಳಿ, ಮೆಂಬ್ರೇನ್ ಅನ್ನು 37ರ ಮಾರ್ಕರ್ ಹತ್ತಿರ ಕತ್ತರಿಸಿ ಮೇಲಿನ ತುಂಡನ್ನು ಆ್ಯಕ್ಟಿನ್‌ಗೆ (ಹೋಲಿಕೆಗೆ ಎಲ್ಲ ಲೇನ್‌ಗಳಲ್ಲೂ ನೋಡುವ ಪ್ರೋಟೀನ್) ಕೊಟ್ಟಿರಿ ಅಲ್ವಾ? ನಾನೂ ಹಾಗೇ ಮಾಡುತ್ತಿದ್ದೆ, ಅದರಲ್ಲೇ ಎಡವಟ್ಟಾಗಿದ್ದು. ನ್ಯೂಡ್ ಇಲಿಗೆ ಟಿ ಸೆಲ್ ಇಲ್ಲ, ಆದರೆ ಬಿ ಸೆಲ್ ಇವೆ. ಅಂದರೆ ಅದರ ರಕ್ತದಲ್ಲಿ ಐಜಿಜಿ ಎಂಬ ಆ್ಯಂಟಿಬಾಡಿ ಇರುತ್ತದೆ, ಗಡ್ಡೆ ಅರೆದಾಗ ಅದೂ ಲೈಸೇಟ್‌ಗೆ ಬರುತ್ತದೆ. ಮರ್ಕ್ಯಾಪ್ಟೋಎಥನಾಲ್ ಹಾಕಿ ಕುದಿಸಿದ ಮೇಲೆ ಅದು ಎರಡಾಗಿ ಓಡುತ್ತದೆ: ಹೆವಿ ಚೈನ್ 50ರಲ್ಲಿ, ಲೈಟ್ ಚೈನ್ 25ರಲ್ಲಿ. ನಿಮ್ಮ ಸೆಕೆಂಡರಿ, ಅಂದರೆ ಎಂಜಿಎಂಟಿ ಹಿಡಿಯುವ ಪ್ರೈಮರಿ ಆ್ಯಂಟಿಬಾಡಿಗೆ ಅಂಟಿ ಬ್ಯಾಂಡ್ ತೋರಿಸುವ ಎರಡನೇ ಆ್ಯಂಟಿಬಾಡಿ, ಆ್ಯಂಟಿ-ಮೌಸ್: ಮೌಸ್ ಆ್ಯಂಟಿಬಾಡಿ ಯಾವುದಿದ್ದರೂ ಹಿಡಿಯುತ್ತದೆ. ಅದಕ್ಕೆ ನೀವು ಹಾಕಿದ ಪ್ರೈಮರಿ ಯಾವುದು, ಇಲಿಯ ಸ್ವಂತದ್ದು ಯಾವುದು ಅಂತ ಹೇಗೆ ಗೊತ್ತಾಗಬೇಕು ಪಾಪ. 50ರ ಬ್ಯಾಂಡ್ ಇದ್ದರೂ ಅದು ಮೇಲಿನ ತುಂಡಿನಲ್ಲಿ ಆ್ಯಕ್ಟಿನ್ ಪಕ್ಕಕ್ಕೇ ಹೋಗಿರುತ್ತದೆ, ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಪರೀಕ್ಷೆ ಸುಲಭ. ಅದೇ ಲೈಸೇಟ್ ಇನ್ನೊಮ್ಮೆ ಓಡಿಸಿ, ಮೆಂಬ್ರೇನ್ ಕತ್ತರಿಸಬೇಡಿ, ಪ್ರೈಮರಿ ಹಾಕದೆ ಬರೀ ಸೆಕೆಂಡರಿ ಹಾಕಿ. ಬ್ಯಾಂಡ್ ಬಂದರೆ ಕಥೆ ಮುಗಿಯಿತು. ಮುಂದೆ ಮೊಲದ ಪ್ರೈಮರಿಗೆ ಬದಲಾಯಿಸಿ.

ಮತ್ತೊಬ್ಬರು: ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಂದು ವೋಟು. ಜೊತೆಗೆ ಈ ಕಿಣ್ವಕ್ಕೆ ಒಂದು ಅನುಕೂಲ ಇದೆ, ಉಪಯೋಗಿಸಿಕೊಳ್ಳಿ. ಎಂಜಿಎಂಟಿಯ ಒಂದೊಂದು ಅಣುವೂ ಒಂದೇ ಸಲ ಕೆಲಸ ಮಾಡುತ್ತದೆ. ಗ್ವಾನೀನ್ ಮೇಲಿನ ಮೀಥೈಲನ್ನು ತನ್ನ 145ನೇ ಸಿಸ್ಟೀನ್ ಮೇಲೆ ಎಳೆದುಕೊಳ್ಳುತ್ತದೆ, ಅಲ್ಲಿಗೆ ಅದರ ಆಯಸ್ಸು ಮುಗಿಯಿತು, ಸೆಲ್ ಅದನ್ನು ಒಡೆದು ಹಾಕುತ್ತದೆ. ಒ6-ಬೆಂಜೈಲ್‌ಗ್ವಾನೀನ್ ಎಂಬ ರಾಸಾಯನಿಕ ಕೊಟ್ಟರೂ ಇದೇ ಗತಿ. ಟಿ98ಜಿಗೆ ಅದನ್ನು ರಾತ್ರಿಯಿಡೀ ಕೊಟ್ಟು, ಕೊಡದ ಸೆಲ್‌ಗಳ ಪಕ್ಕ ಓಡಿಸಿ. ನಿಜವಾದ ಬ್ಯಾಂಡ್ ತೆಳುವಾಗಬೇಕು. ತೆಳುವಾಗದೆ ಕೂತ ಬ್ಯಾಂಡ್ ನನಗಂತೂ ನಂಬಿಕೆಗೆ ಬರುವುದಿಲ್ಲ. ಆ್ಯಂಟಿಬಾಡಿ ಜೊತೆ ಬರುವ ಚೀಟಿಯಲ್ಲಿನ ಚಿತ್ರಕ್ಕಿಂತ ಇದು ಮೇಲು.

ಇನ್ನೊಬ್ಬರು: ಸಣ್ಣ ವಿಷಯ. ಬರೀ 207 ಅಮೈನೋ ಆಮ್ಲದ ಪ್ರೋಟೀನ್ ಇದು. 0.45 ಮೈಕ್ರಾನ್ ರಂಧ್ರದ ಮೆಂಬ್ರೇನ್‌ನಲ್ಲಿ ಜಾಸ್ತಿ ಹೊತ್ತು ಟ್ರಾನ್ಸ್‌ಫರ್ ಮಾಡಿದರೆ ಆಚೆ ಕಡೆ ದಾಟಿ ಹೋಗಿಬಿಡುತ್ತದೆ. 0.2 ಬಳಸಿ. ಜೆಲ್ 15 ಪರ್ಸೆಂಟ್ ಇದ್ದರೆ 22 ಬೇರೆ, 25 ಬೇರೆ ಅಂತ ಕಣ್ಣಿಗೆ ಕಾಣುತ್ತದೆ. 10 ಪರ್ಸೆಂಟ್‌ನಲ್ಲಿ ಎರಡೂ ಕೆಳಗೆ ಒಟ್ಟಿಗೆ ಅಂಟಿಕೊಂಡಿರುತ್ತವೆ, ಸುಮ್ನೆ ಜಗಳ.

ಪೆಥಾಲಜಿ ಲ್ಯಾಬಿನಿಂದ ಒಬ್ಬರು: ನಾಳೆ ರೋಗಿಗಳ ಗಡ್ಡೆಗೆ ಹೋಗುವಾಗ ಇನ್ನೊಂದು ಗುಂಡಿ ಇದೆ. ಎಂಜಿಎಂಟಿ ಇಲ್ಲದ ಗಡ್ಡೆಯಲ್ಲೂ ರಕ್ತನಾಳದ ಒಳಪದರದ ಸೆಲ್‌ಗಳು, ಲಿಂಫೋಸೈಟ್‌ಗಳು ಬಣ್ಣ ಹಿಡಿಯುತ್ತವೆ. ಸ್ಲೈಡ್‌ನಲ್ಲಿ ಅವೇ ನಮಗೆ ಪಾಸಿಟಿವ್ ಕಂಟ್ರೋಲ್, ನೋಡಿದರೆ ನೆಮ್ಮದಿ. ಆದರೆ ತುಂಡನ್ನು ಅರೆದು ಬ್ಲಾಟ್ ಮಾಡಿದರೆ ಎಲ್ಲ ಒಂದೇ ಲೇನ್‌ನಲ್ಲಿ ಕಲಸಿಹೋಗುತ್ತವೆ. ಪ್ರೊಮೋಟರ್ ಮೀಥೈಲೇಷನ್ (ಎಂಜಿಎಂಟಿ ಜೀನ್‌ನ ಸ್ವಿಚ್ ಆಫ್ ಆಗಿದೆಯೇ ಎಂದು ನೋಡುವ ಡಿಎನ್‌ಎ ಪರೀಕ್ಷೆ) ವರದಿಗೂ ಪ್ರೋಟೀನ್‌ಗೂ ತಾಳೆಯಾಗದ ಕೇಸುಗಳು ಬರುತ್ತಲೇ ಇರುತ್ತವೆ, ಗಾಬರಿಯಾಗಬೇಡಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಬರೀ ಸೆಕೆಂಡರಿ ಹಾಕಿ ನೋಡಿದೆ, ಮೆಂಬ್ರೇನ್ ಕತ್ತರಿಸಲಿಲ್ಲ. ಟಿ98ಜಿ ಲೇನ್ ಖಾಲಿ. ಗಡ್ಡೆಯ ಮೂರೂ ಲೇನ್‌ಗಳಲ್ಲಿ 25ರಲ್ಲಿ ಒಂದು, 50ರಲ್ಲಿ ಅದಕ್ಕಿಂತ ದಪ್ಪ ಇನ್ನೊಂದು. ಮೊಲದ ಆ್ಯಂಟಿಬಾಡಿಗೆ ಬರೆದು ಹಾಕಿದ್ದೇನೆ. ಗೈಡ್‌ಗೆ ಚಿತ್ರ ಇನ್ನೂ ತೋರಿಸಿಲ್ಲ. ಸೋಮವಾರ ಮೀಟಿಂಗ್ ಇದೆ.