ಆಟೋ ಕ್ಯಾಲಿಬ್ರೇಷನ್ ಮಾಡಿದ ಮೇಲೂ 5.1 ಸ್ಪೀಕರ್‌ಗಳ ಧ್ವನಿ ಸರಿಹೋಗುತ್ತಿಲ್ಲ

ಪ್ರಶ್ನೆ (ಬನಶಂಕರಿಯಿಂದ):
ನಮ್ಮ ಫ್ಲ್ಯಾಟಿನ ಹಾಲ್ 14 ಅಡಿ ಉದ್ದ, 10 ಅಡಿ ಅಗಲವಿದ್ದು, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಹಾಕಿದೆ. ಸೋಫಾ ಹಿಂದಿನ ಗೋಡೆಗೆ ತಾಗಿಕೊಂಡೇ ಇದೆ. 5.1 ಸೆಟ್‌ನ (ಐದು ಸ್ಪೀಕರ್, ಒಂದು ಸಬ್‌ವೂಫರ್) ರಿಸೀವರ್ ಜೊತೆ ಬಂದ ಮೈಕನ್ನು ಸೋಫಾದ ದಿಂಬಿನ ಮೇಲಿಟ್ಟು ಆಟೋ ಕ್ಯಾಲಿಬ್ರೇಷನ್ (ರಿಸೀವರ್ ತಾನೇ ಸ್ಪೀಕರ್‌ಗಳ ದೂರ, ಸದ್ದು ಅಳೆದು ಹೊಂದಿಸಿಕೊಳ್ಳುವುದು) ಮಾಡಿದೆ. ಆದರೂ ಸ್ಟೀರಿಯೊ ಹಾಡುಗಳಲ್ಲಿ ಗಾಯಕರ ದನಿ ಮುಂದಿನ ಎರಡು ಸ್ಪೀಕರ್‌ಗಳ ನಡುವೆ ನಿಲ್ಲದೆ ಚದುರಿದಂತೆ ಕೇಳಿಸುತ್ತದೆ, ಸಿನಿಮಾ ನೋಡುವಾಗ ಕೆಲವು ಬೇಸ್ ಸ್ವರಗಳು ಮಾತ್ರ ಗುಂಯ್ ಎಂದು ಉಳಿದುಬಿಡುತ್ತವೆ. ಬೇಸ್ ನುಡಿಸುವ ಸಬ್‌ವೂಫರ್ ಇರುವುದು ಎರಡೂವರೆ ಮೀಟರ್ ದೂರದಲ್ಲಿ, ರಿಸೀವರ್ ತೋರಿಸುವುದು 4.8 ಮೀಟರ್. ಮೈಕ್ ಕೆಟ್ಟಿರಬಹುದೇ?

ಉತ್ತರ 1:
ಮೈಕ್ ಕೆಟ್ಟಿರುವ ಸಾಧ್ಯತೆ ಕಡಿಮೆ, ಸರ್. ರಿಸೀವರ್ ಅಳೆಯುವುದು ಶಬ್ದ ತಲುಪಲು ಹಿಡಿಯುವ ಸಮಯವನ್ನು; ಒಂದು ಮೀಟರಿಗೆ ಸುಮಾರು 3 ಮಿಲಿಸೆಕೆಂಡಿನಂತೆ ಅದನ್ನೇ ದೂರವಾಗಿ ಬರೆಯುತ್ತದೆ. ಸಬ್‌ವೂಫರ್‌ನ ಒಳಗಿನ ಸರ್ಕ್ಯೂಟ್ ಮಾಡುವ ತಡವೂ ಅದರಲ್ಲಿ ಸೇರುವುದರಿಂದ, ಟೇಪ್ ಹಿಡಿದು ಆ ಅಂಕಿಯನ್ನು ತಿದ್ದಲು ಹೋಗಬೇಡಿ. ಉಳಿದ ಐದು ಸ್ಪೀಕರ್‌ಗಳ ದೂರ ಮಾತ್ರ ಟೇಪಿನ ಅಳತೆಗೆ ಹತ್ತಿರವಿರಬೇಕು.

ದನಿ ಚದುರುತ್ತಿದೆ ಎಂದರೆ ನನ್ನ ಮೊದಲ ಅನುಮಾನ ಮುಂದಿನ ಒಂದು ಸ್ಪೀಕರ್‌ನ ಪ್ಲಸ್ ಮೈನಸ್ ಅದಲುಬದಲಾಗಿರುವುದರ ಮೇಲೆ. ನಾನು ಎಸ್.ಪಿ. ರಸ್ತೆಯಲ್ಲಿ ಕೊಂಡ ಪಾರದರ್ಶಕ ವೈರಿನಲ್ಲಿ ಒಂದೆಳೆ ತಾಮ್ರದ ಬಣ್ಣದ್ದು, ಇನ್ನೊಂದು ಬೆಳ್ಳಿಯ ಬಣ್ಣದ್ದು. ಫಾಲ್ಸ್ ಸೀಲಿಂಗಿನ ಹಳದಿ ಬೆಳಕಿನಲ್ಲಿ ಎರಡೂ ಒಂದೇ ಥರ ಕಂಡು ತಿರುಗಾಮುರುಗಾ ಜೋಡಿಸಿ, ಎರಡು ತಿಂಗಳು ಸ್ಪೀಕರನ್ನೇ ಬೈದುಕೊಂಡಿದ್ದೆ. ವೈರನ್ನು ರಿಸೀವರ್‌ನಿಂದ ಬಿಚ್ಚಿ, ಅದರ ತುದಿಗಳಿಗೆ 1.5 ವೋಲ್ಟಿನ ಶೆಲ್ ಅನ್ನು ಕ್ಷಣಮಾತ್ರ ಮುಟ್ಟಿಸಿ: ಪ್ಲಸ್ಸಿಗೆ ಪ್ಲಸ್ ಸೇರಿದರೆ ಸಾಮಾನ್ಯವಾಗಿ ವೂಫರ್‌ನ ಕೋನ್ (ಅದುರಿ ಸದ್ದು ಹೊರಡಿಸುವ ಪೊರೆ) ಮುಂದಕ್ಕೆ ಬರುತ್ತದೆ. ಎಡಬಲಗಳೆರಡೂ ಒಂದೇ ದಿಕ್ಕಿಗೆ ಚಲಿಸಬೇಕು, ಅದೇ ಮುಖ್ಯ.

ಉತ್ತರ 2:
ಮೇಲಿನವರ ಮಾತು ಸರಿ. ಗುಂಯ್‌ಗುಡುವುದು ಮಾತ್ರ ಕೋಣೆಯ ದೋಷ. 14 ಅಡಿ ಉದ್ದದ ಕೋಣೆಯಲ್ಲಿ ಸುಮಾರು 40 ಹರ್ಟ್ಜ್‌ನಲ್ಲಿ ಅಲೆ ಗೋಡೆಯಿಂದ ಗೋಡೆಗೆ ಕಟ್ಟಿಕೊಳ್ಳುತ್ತದೆ ಮತ್ತು ಅದರ ಒತ್ತಡ ಗೋಡೆಯ ಬುಡದಲ್ಲೇ ಅತಿ ಹೆಚ್ಚು. ನೀವು ಕೂತಿರುವುದೂ ಅಲ್ಲೇ. ಸೋಫಾವನ್ನು ಒಂದೂವರೆ ಅಡಿಯಾದರೂ ಮುಂದಕ್ಕೆಳೆಯಿರಿ. ಆಮೇಲೆ ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲಿಟ್ಟು, ಬೇಸ್ ಹೆಚ್ಚಿರುವ ಹಾಡು ಹಾಕಿ, ಗೋಡೆಯಂಚಿನಲ್ಲಿ ಅಂಬೆಗಾಲಿಡುತ್ತಾ ಕೇಳಿ. ಎಲ್ಲಿ ಸ್ವರಗಳು ಸಮನಾಗಿ ಕೇಳುತ್ತವೆಯೋ ಅದೇ ಅದರ ಜಾಗ. (ನಾನು ಹೀಗೆ ತೆವಳುತ್ತಿದ್ದಾಗ ನಮ್ಮಮ್ಮ ಓಲೆಯ ತಿರುಪು ಬಿದ್ದಿದೆಯೇ ಎಂದು ಕೇಳಿದ್ದರು.)

ಅದಾದ ಮೇಲೆ ಮೈಕನ್ನು ಟ್ರೈಪಾಡಿನಲ್ಲಿ ಕಿವಿಯ ಎತ್ತರಕ್ಕೆ ನಿಲ್ಲಿಸಿ, ಫ್ಯಾನ್ ಆರಿಸಿ, ಕುಕ್ಕರ್ ಕೂಗದ ಹೊತ್ತು ನೋಡಿ ಮತ್ತೆ ಅಳೆಯಿರಿ. ರಿಸೀವರ್‌ನ ಮೆನುವಿನಲ್ಲಿ ಐದೂ ಸ್ಪೀಕರ್‌ಗಳನ್ನು ‘ಸ್ಮಾಲ್’ ಮಾಡಿ ಕ್ರಾಸ್‌ಓವರ್ (ಇದಕ್ಕಿಂತ ಕೆಳಗಿನ ಬೇಸ್ ಸಬ್‌ವೂಫರ್‌ಗೆ ಹೋಗುವ ಗಡಿ) 80 ಹರ್ಟ್ಜ್‌ಗೆ ಇಡಿ. ಸಬ್‌ವೂಫರ್‌ನದೇ ಕ್ರಾಸ್‌ಓವರ್ ತಿರುಪನ್ನು ಗರಿಷ್ಠಕ್ಕೆ ತಿರುಗಿಸಿ. ಟೆಸ್ಟ್ ಟೋನ್ ಹಾಕಿದಾಗ ಸದ್ದು ಅಳೆಯುವ ಮೀಟರಿನ ‘ಸಿ ವೇಟಿಂಗ್’, ‘ಸ್ಲೋ’ ಸೆಟ್ಟಿಂಗ್‌ಗಳಲ್ಲಿ ಎಲ್ಲವೂ 75 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಮೊಬೈಲ್ ಆ್ಯಪ್‌ನಿಂದ ಐದನ್ನು ಪರಸ್ಪರ ಹೋಲಿಸಬಹುದು, ಬೇಸ್ ಅಳೆಯಲು ಅದನ್ನು ನಂಬಬೇಡಿ.

ಪ್ರಶ್ನೆ ಕೇಳಿದವರಿಂದ:
ಎಡ ಸ್ಪೀಕರ್‌ನ ವೈರೇ ತಿರುಗಾಮುರುಗಾ ಆಗಿತ್ತು. ಮೊದಲ ಸಲ ಅಳೆಯುವಾಗಲೇ ರಿಸೀವರ್ ‘ಫೇಸ್’ (ಪ್ಲಸ್ ಮೈನಸ್ ಅದಲುಬದಲಾಗಿರಬಹುದು) ಎಂದು ಎಚ್ಚರಿಸಿತ್ತು, ನಾನೇ ಲೆಕ್ಕಿಸದೆ ಮುಂದುವರಿದಿದ್ದೆ. ಈಗ ಗಾಯಕರು ನಡುವೆ ಬಂದು ನಿಂತಿದ್ದಾರೆ. ಸೋಫಾ ಎಳೆದ ಮೇಲೆ ಗುಂಯ್ ಸದ್ದು ತಗ್ಗಿದೆ, ಪೂರ್ತಿ ಹೋಗಿಲ್ಲ; ಆದರೆ ಟೀಪಾಯಿಗೆ ಕಾಲು ತಾಗುತ್ತದೆಂದು ಮನೆಯಲ್ಲಿ ತಕರಾರು ಶುರುವಾಗಿದೆ. ಸಬ್‌ವೂಫರ್‌ನ ದೂರ ಈ ಸಲವೂ 4.7 ಮೀಟರ್ ಎಂದೇ ಬಂದಿದೆ, ಹಾಗೆಯೇ ಬಿಟ್ಟಿದ್ದೇನೆ.