ಕವಿ ಹಾಲು ಬಿಟ್ಟ ಪ್ರಸಂಗ

ನಾನು ಹಾಲು, ಮಾಂಸ ಮೊದಲಾದ ಪ್ರಾಣಿಜನ್ಯ ಪದಾರ್ಥಗಳನ್ನೆಲ್ಲ ತ್ಯಜಿಸಿ ವೀಗನ್ ಆದದ್ದರಿಂದ ಹಸುಗಳಿಗೆ ಎಷ್ಟು ನೆಮ್ಮದಿ ದೊರೆಯಿತೋ ತಿಳಿಯದು, ಸ್ನೇಹಿತರ ನೆಮ್ಮದಿಯಂತೂ ಬಹುಕಾಲ ಕೆಟ್ಟಿತ್ತು ಎಂಬುದು ನಮ್ಮ ವಕೀಲ ಮಿತ್ರನ ವಾದ. ಮೊನ್ನೆ ಗುಂಪಿನ ಕವಿಯೂ ಹಾಲು ಬಿಡುವುದಾಗಿ ಘೋಷಿಸಿದ್ದರಿಂದ ಆ ವಾದ ಮತ್ತೆ ಜೀವ ಪಡೆಯಿತು.

“ಮಾಂಸ ಬಿಟ್ಟಾಗ ಇವನು ಮನುಷ್ಯನಾಗಿಯೇ ಇದ್ದ, ಹಾಲು ಬಿಟ್ಟ ಮೇಲೆ ಪತ್ತೇದಾರನಾದ,” ಎಂದು ವಕೀಲ ಆರಂಭಿಸಿದ. “ಬಿಸ್ಕತ್ತು ಕೊಟ್ಟರೆ, ನಾನು ಕ್ರಯಪತ್ರ ಓದುವುದಕ್ಕಿಂತ ಹೆಚ್ಚಿನ ಶ್ರದ್ಧೆಯಿಂದ ಪೊಟ್ಟಣದ ಹಿಂಬದಿಯನ್ನು ಓದುತ್ತಿದ್ದ.”

ಓದದೆ ವಿಧಿಯಿರಲಿಲ್ಲ. ಹಾಲು ತನ್ನ ಹೆಸರಿನಲ್ಲೇ ಬಂದರೆ ಯಾರಿಗೂ ಕಷ್ಟವಿಲ್ಲ. ಅದು ಕೇಸಿನ್, ವೇ ಪುಡಿ, ಲ್ಯಾಕ್ಟೋಸ್ ಎಂಬ ಮಾರುವೇಷಗಳಲ್ಲಿ ಬರುತ್ತದೆ. ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದದ್ದು, ಕಾರ್ಮೈನ್ ಎಂಬ ಕೆಂಪು ಬಣ್ಣ ಕೊಚಿನೀಲ್ ಕೀಟಗಳನ್ನು ಒಣಗಿಸಿ ಪಡೆದದ್ದು, ಕೆಲವು ಮಿಠಾಯಿಗಳ ಹೊಳಪು ಅರಗಿನ ಹುಳುವಿನ ಕೊಡುಗೆ ಎಂಬುದನ್ನೆಲ್ಲ ನಾನು ಮಿತ್ರರಿಗೆ ತಿಳಿಸುತ್ತಲೂ ಇದ್ದೆ. ಅವರು ಅದೇ ಮಿಠಾಯಿಯನ್ನು ಬಾಯಿಗೆ ಹಾಕಿಕೊಂಡ ಕ್ಷಣದಲ್ಲಿಯೇ ತಿಳಿಸುತ್ತಿದ್ದೆ ಎಂಬುದಷ್ಟೇ ಅವರ ತಕರಾರು.

“ನಾನು ನಾಳೆಯಿಂದಲೇ ಎಲ್ಲವನ್ನೂ ತ್ಯಜಿಸುವ ಪ್ರತಿಜ್ಞೆ ಮಾಡಿದ್ದೇನೆ,” ಎಂದ ಕವಿಯ ಧ್ವನಿಯಲ್ಲಿ ಆಗಲೇ ಕಂಪನವಿತ್ತು.

“ಮೊದಲು ಆ ಪ್ರತಿಜ್ಞೆಯನ್ನು ತ್ಯಜಿಸು,” ಎಂದೆ. “1944ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ವೀಗನ್ ಸೊಸೈಟಿಯೇ ತನ್ನ ವ್ಯಾಖ್ಯೆಯಲ್ಲಿ, ಸಾಧ್ಯವಿದ್ದಷ್ಟು ಮತ್ತು ಆಚರಣೆಗೆ ತರಬಲ್ಲಷ್ಟು ಎಂಬ ಮಾತನ್ನು ಸೇರಿಸಿದೆ.”

“ವಿನಾಯಿತಿಯ ಷರತ್ತು!” ಎಂದು ವಕೀಲ ಕುರ್ಚಿಯಿಂದ ಅರ್ಧ ಎದ್ದ. “ಇಷ್ಟು ಒಳ್ಳೆಯ ಸುದ್ದಿಯನ್ನು ಇಷ್ಟು ದಿನ ಮುಚ್ಚಿಟ್ಟಿದ್ದೆಯಾ?”

ಕವಿಯ ನಿಜವಾದ ಭಯ ಕಾಫಿಯದಾಗಿತ್ತು. ಅಂದು ಬೆಳಿಗ್ಗೆ ಸೋಯಾ ಹಾಲು ಬೆರೆಸಿದ ಕೂಡಲೇ ಲೋಟದಲ್ಲಿ ಎಲ್ಲವೂ ಒಡೆದು ಗರಣೆಗರಣೆಯಾಗಿ ತೇಲಿದ್ದನ್ನು ಅವನು ಶೋಕಗೀತೆಯ ಧಾಟಿಯಲ್ಲಿ ವರ್ಣಿಸಿದ. ಕಾಫಿಯ ಆಮ್ಲತೆ ಮತ್ತು ಬಿಸಿ ಎರಡೂ ಸೇರಿ ಸೋಯಾದ ಪ್ರೋಟೀನನ್ನು ಹೆಪ್ಪುಗಟ್ಟಿಸುತ್ತವೆ. ಹಾಲನ್ನು ಮೊದಲೇ ಬೆಚ್ಚಗೆ ಮಾಡಿಕೊಂಡು, ಸ್ವಲ್ಪ ಆರಿದ ಕಾಫಿಯನ್ನು ಅದಕ್ಕೆ ನಿಧಾನವಾಗಿ ಸುರಿದರೆ ಬಹುಮಟ್ಟಿಗೆ ಪಾರಾಗಬಹುದು, ಇಲ್ಲವಾದರೆ ಓಟ್ಸ್ ಹಾಲಿದೆ, ಎಂದು ವಿವರಿಸಿದೆ. ಕರುಣೆಯ ಕುರಿತ ಉಪನ್ಯಾಸಗಳಿಗಿಂತ ಇಂತಹ ಉಪಾಯಗಳೇ ಹೆಚ್ಚು ಜನರನ್ನು ಈ ದಾರಿಯಲ್ಲಿ ಉಳಿಸಿವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಷ್ಟರವರೆಗೆ ಸುಮ್ಮನಿದ್ದ ವೈದ್ಯೆ ಗೆಳತಿ ಬಾಯಿ ತೆರೆದಳು. “ಕವಿತೆಯನ್ನು ಬಿಟ್ಟರೂ ಚಿಂತೆಯಿಲ್ಲ, ಬಿ12 ಜೀವಸತ್ವವನ್ನು ಬಿಡಬೇಡ. ಅದನ್ನು ಗಿಡವೂ ತಯಾರಿಸುವುದಿಲ್ಲ, ಹಸುವೂ ತಯಾರಿಸುವುದಿಲ್ಲ, ಸೂಕ್ಷ್ಮಜೀವಿಗಳು ಮಾತ್ರ ತಯಾರಿಸುತ್ತವೆ. ದಿನಕ್ಕೆ ಬೇಕಾದದ್ದು ಸುಮಾರು 2.4 ಮೈಕ್ರೋಗ್ರಾಂ ಅಷ್ಟೇ. ಆದರೆ ಯಕೃತ್ತಿನ ದಾಸ್ತಾನು ಕೆಲವು ವರ್ಷ ಸಾಲುವುದರಿಂದ ಕೊರತೆ ತಡವಾಗಿ, ಸುಸ್ತು ಮತ್ತು ಪಾದಗಳ ಜೋಮಿನ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಮಾತ್ರೆಯನ್ನು ಮೊದಲಿನಿಂದಲೇ ತೆಗೆದುಕೊ.”

“ಪ್ರೋಟೀನಿನ ಗತಿಯೇನು?” ಎಂದು ವಕೀಲ ಗಂಭೀರನಾದ. ಇದು ಬರಲೇಬೇಕಾದ ಪ್ರಶ್ನೆ.

“ಕಾಳು, ಬೇಳೆ, ಸೋಯಾ ಇವೆ. ಇಷ್ಟಕ್ಕೂ ಅವನು ಚಹಾ ಬಿಸ್ಕತ್ತುಗಳಲ್ಲೇ ದಿನ ಕಳೆಯುತ್ತಿದ್ದಾಗ ಅವನ ಪ್ರೋಟೀನಿನ ಲೆಕ್ಕವನ್ನು ನೀನು ಯಾವತ್ತಾದರೂ ಕೇಳಿದ್ದೆಯಾ?” ಎಂದಳು ವೈದ್ಯೆ.

ಕೊನೆಗೆ ವಕೀಲನೇ ಒಪ್ಪಂದವೊಂದನ್ನು ಸಿದ್ಧಪಡಿಸಿದ. ಅದರ ಪ್ರಕಾರ ಕವಿಯು ಬೆಳಗಿನ ಉಪಾಹಾರದಿಂದ ಮಾತ್ರ ಆರಂಭಿಸತಕ್ಕದ್ದು, ಜಾರಿದ ದಿನ ಯಾರೂ ನಗತಕ್ಕದ್ದಲ್ಲ, ಇತರರು ತುತ್ತು ನುಂಗುವವರೆಗೆ ನಾನು ಕೀಟಗಳ ಪ್ರಸ್ತಾಪ ಮಾಡತಕ್ಕದ್ದಲ್ಲ. ಎಲ್ಲರೂ ಒಪ್ಪಿದ ಮೇಲೆ ಕವಿ ಮೆಲ್ಲಗೆ, “ಮತ್ತೆ ಚೀಸ್?” ಎಂದು ಕೇಳಿದ.

ಹಾಲನ್ನು ಸುಲಭವಾಗಿ ಬಿಟ್ಟ ಅನೇಕರು ಚೀಸಿನ ಮುಂದೆ ಸೋಲುವುದನ್ನು ಬಲ್ಲ ನಾನು ವಕೀಲನ ಮುಖ ನೋಡಿದೆ.

“ಆ ಪ್ರಕರಣವನ್ನು ಮುಂದಿನ ತಿಂಗಳಿಗೆ ಮುಂದೂಡಲಾಗಿದೆ,” ಎಂದ ಅವನು.