ಯಶವಂತಪುರದ ಹಳೆ ಕಾರ್ಖಾನೆ ಜಾಗದಲ್ಲಿ 25 ಮಹಡಿ: ಒಪ್ಪಬೇಕಾ?

ಮೂಲೆಮನೆ:
ಮುಚ್ಚಿಹೋದ ಕಾರ್ಖಾನೆ ಜಾಗವನ್ನು ವಸತಿಗೆ ಬದಲಾಯಿಸಿ ಅಂತ ಅರ್ಜಿ ಬಿದ್ದಿದೆ. ಆಕ್ಷೇಪಣೆ ಕೇಳಿ ಪೇಪರ್‌ನಲ್ಲಿ ಪ್ರಕಟಣೆಯೂ ಬಂದಿದೆ. 25 ಮಹಡಿಯ ಎರಡು ಕಟ್ಟಡ ಬರುತ್ತವಂತೆ. ನಮ್ಮ ಕ್ರಾಸ್‌ನಲ್ಲಿ ಎರಡು ಕಾರು ಎದುರಾದರೆ ಒಂದು ಹಿಂದೆ ಹೋಗಬೇಕು. ನಾನು ಬೇಡ ಅಂತ ಬರೆಯುತ್ತೇನೆ, ನೀವೂ ಬರೆಯಿರಿ.

ಬಾಡಿಗೆದಾರ:
ಸರ್, ನಾನು ಏಳು ವರ್ಷದಲ್ಲಿ ನಾಲ್ಕು ಮನೆ ಬದಲಾಯಿಸಿದ್ದೇನೆ. ಪ್ರತಿ ಸಲವೂ ಬಾಡಿಗೆ ಜಾಸ್ತಿ. ಮೆಟ್ರೋ 2014ರಲ್ಲೇ ಇಲ್ಲಿಗೆ ಬಂದಿದೆ. ನಿಲ್ದಾಣದ ಪಕ್ಕದಲ್ಲೇ ಮನೆ ಕಟ್ಟಬೇಡಿ ಅಂದರೆ ನಮ್ಮಂಥವರು ನೆಲಮಂಗಲದಿಂದ ಬೈಕ್‌ನಲ್ಲಿ ಬರಬೇಕಾ? ಆಗಲೂ ಇದೇ ರಸ್ತೆ ತುಂಬುತ್ತದೆ, ಅಲ್ವಾ?

ತೊಟ್ಟಿಲಲ್ಲಿ ಮಗು:
ನನ್ನ ಭಯ ನೀರಿನದು. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಿದ್ದರು. ನಾನಾಗ ಏಳು ತಿಂಗಳ ಬಸುರಿ, ಟ್ಯಾಂಕರ್‌ಗಾಗಿ ರಾತ್ರಿ ಹನ್ನೊಂದರವರೆಗೆ ಕಾದಿದ್ದೇನೆ. ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಬಂತಲ್ಲ ಅನ್ನುತ್ತಾರೆ. ದಿನಕ್ಕೆ 77.5 ಕೋಟಿ ಲೀಟರ್ ನಿಜ, ಆದರೆ ಅದನ್ನು ತಂದದ್ದು ಹೊರವಲಯದ 110 ಹಳ್ಳಿಗಳಿಗಾಗಿ. ಇಲ್ಲಿ ಹೊಸ ಬೋರ್‌ವೆಲ್ ಕೊರೆದರೆ ನಮ್ಮದು ಬತ್ತುತ್ತದೆ.

ಸೈಟ್ ಎಂಜಿನಿಯರ್:
ಮೇಡಂ ಹೇಳಿದ್ದು ಸರಿ. ಆದರೆ ಮಹಡಿ ಎಣಿಸಿ ಜಗಳ ಆಡಬೇಡಿ. ಒಟ್ಟು ಎಷ್ಟು ಕಟ್ಟಬಹುದು ಅನ್ನೋದನ್ನು ಎಫ್‌ಎಆರ್ ಹೇಳುತ್ತದೆ, ಅಂದರೆ ನಿವೇಶನದ ಎಷ್ಟು ಪಟ್ಟು ಕಟ್ಟಡ ಅನ್ನೋ ಲೆಕ್ಕ. ಅದು ನಿವೇಶನದ ಅಳತೆ, ಎದುರಿನ ರಸ್ತೆಯ ಅಗಲ ನೋಡಿ ಸಿಗುತ್ತದೆ. ಅಷ್ಟೇ ಜಾಗವನ್ನು ಎಂಟು ಮಹಡಿಯಲ್ಲಿ ಹರಡಿದರೆ ನೆಲವೆಲ್ಲ ಕಾಂಕ್ರೀಟ್. ಎತ್ತರಕ್ಕೆ ಹೋದರೆ ಸುತ್ತ ಮಣ್ಣು ಉಳಿಯುತ್ತದೆ, ಮಳೆ ನೀರು ಇಂಗುತ್ತದೆ. ಒಂದೇ ಷರತ್ತು: ಕೆಳಗೆ ಪೂರ್ತಿ ಬೇಸ್‌ಮೆಂಟ್ ತೋಡಬಾರದು.

ಮೂಲೆಮನೆ:
ಬೆಂಕಿ ಬಿದ್ದರೆ? 2010ರಲ್ಲಿ ನಮ್ಮ ಬೆಂಗಳೂರಿನದೇ ಕಚೇರಿ ಕಟ್ಟಡ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು. ಅದೇನು 25 ಮಹಡಿ ಇರಲಿಲ್ಲ.

ಸೈಟ್ ಎಂಜಿನಿಯರ್:
ಅಗ್ನಿಶಾಮಕದವರ ಹತ್ತಿರ ಈಗ 90 ಮೀಟರ್ ಏಣಿ ಇದೆ. ಆದರೆ ಆ ಗಾಡಿ ನಿಮ್ಮ ಕ್ರಾಸ್‌ನಲ್ಲಿ ತಿರುಗುವುದೇ ಇಲ್ಲ. ಕಾರ್ಖಾನೆಯ ಮುಂಬಾಗಿಲು ಮೇನ್ ರೋಡ್‌ಗಿದೆ. ಹಿಂದಿನ ಗೇಟ್ ಮಾತ್ರ ಕ್ರಾಸ್‌ಗೆ. ಅದನ್ನು ಗೋಡೆ ಕಟ್ಟಿ ಮುಚ್ಚಿ ಅಂತ ಕೇಳಿ. ಅರ್ಧ ಸಂಕಟ ಅಲ್ಲೇ ಕಳೆಯುತ್ತದೆ.

ತೊಟ್ಟಿಲಲ್ಲಿ ಮಗು:
ಷರತ್ತು ಹಾಕಿದರೆ ಪಾಲಿಸುವವರು ಯಾರು? ನಮ್ಮ ಅಪಾರ್ಟ್‌ಮೆಂಟ್‌ನಲ್ಲೇ ಕೊಳಚೆ ನೀರಿನ ಘಟಕ ಎರಡು ವರ್ಷ ಸುಮ್ನೆ ನಿಂತಿತ್ತು. ಬಿಲ್ಡರ್ ಬೀಗದ ಕೈ ಕೊಟ್ಟು ಹೋದರು.

ಬಾಡಿಗೆದಾರ:
ಅದಕ್ಕೊಂದು ದಾರಿ ಇದೆ ಮೇಡಂ. ವಾಸಯೋಗ್ಯ ಪ್ರಮಾಣಪತ್ರ ಇಲ್ಲದೆ ನೀರು, ಕರೆಂಟ್ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಘಟಕ ಓಡಿಸಿ ತೋರಿಸಿದ ಮೇಲೆಯೇ ಆ ಪತ್ರ ಕೊಡಿ ಅಂತ ಬರೆಯೋಣ. ಕಟ್ಟಡದ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ದಾಟಿದರೆ ಪರಿಸರ ಅನುಮತಿಯೂ ಬೇಕು. ಆ ಅರ್ಜಿಯಲ್ಲಿ ನೀರಿನ ಲೆಕ್ಕ ಕೊಡಲೇಬೇಕು. ಅದರ ಪ್ರತಿ ತರಿಸೋಣ. ನಾನೇ ಹೋಗುತ್ತೇನೆ.

ಮೂಲೆಮನೆ:
ಹೋಗಿ ಬನ್ನಿ, ನಾನೂ ಜೊತೆಗೆ ಬರುತ್ತೇನೆ. ಹಿಂದಿನ ಗೇಟ್ ಮುಚ್ಚುವ ಮಾತು ಮೊದಲ ಸಾಲಿಗೆ ಹಾಕುತ್ತೇನೆ, ನೀರಿನದು ಎರಡನೆಯದು. ಎತ್ತರದ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಬದಲಾಗಿಲ್ಲ. ನಮ್ಮಮ್ಮ ಹಿತ್ತಲಲ್ಲಿ ಹಪ್ಪಳ ಒಣಗಿಸುವುದು ಆ ಕಡೆಯಿಂದ ಬರುವ ಬೆಳಗಿನ ಬಿಸಿಲಿನಲ್ಲೇ.